ನಲವತ್ತೇಳು

ಸೋಮವಾರ ಹನ್ನೊಂದರ ಒಳಗೆ ಕಳಿಸಬೇಕಂತೆ,
ಸಿಆರ್‌ಪಿ ಎರಡು ಸಲ ಫೋನು ಮಾಡಿದರು.
ಏಳನೇ ತರಗತಿ, ಅರ್ಧವಾರ್ಷಿಕ, ಗಣಿತ:
ಒಟ್ಟು ಮಕ್ಕಳು, ಗಂಡು, ಹೆಣ್ಣು, ಜಾತಿ, ಮಾತೃಭಾಷೆ,
ಕೊನೆಗೊಂದು ಸಣ್ಣ ಚೌಕ, ತರಗತಿಯ ಸರಾಸರಿ.

ಕಿಟಕಿಯಾಚೆ ಮಲ್ಪೆಯ ಐಸ್ ಪ್ಲಾಂಟು ಗರಗರ ಅನ್ನುತ್ತದೆ.
ಒಣಮೀನಿನ ವಾಸನೆ ಹಾಜರಿ ಪುಸ್ತಕದಲ್ಲೂ ಉಂಟು.
ನಾನು ಪುತ್ತೂರಿನವಳು; ಇಲ್ಲಿಗೆ ಬಂದು ಹನ್ನೊಂದು ವರ್ಷ.
ಈಗ ರಜೆಯಲ್ಲಿ ಊರಿಗೆ ಹೋದರೆ
ಗಾಳಿಯಲ್ಲಿ ಏನೋ ಕಮ್ಮಿ ಅನಿಸುತ್ತದೆ.

ತುಳು ಹದಿನಾಲ್ಕು. ಬರೆದೆ.
ಕನ್ನಡ ಹನ್ನೊಂದು. ಬರೆದು ಪೆನ್ನು ನಿಲ್ಲಿಸಿದೆ:
ಇದರಲ್ಲಿ ಒಂಬತ್ತು ಮಂದಿ ಕೊಪ್ಪಳ, ಬಾದಾಮಿ ಕಡೆಯವರು.
ದುರಗೇಶ "ಟೀಚರ್ರೀ, ಲೆಕ್ಕ ತಿಳೀವಲ್ದು" ಅಂದರೆ
ಉಳಿದ ಇಬ್ಬರು ಕನ್ನಡದವರು ಬಾಯಿ ಮುಚ್ಚಿ ನಗುತ್ತಾರೆ.
ಎರಡೂ ಕನ್ನಡ ಒಂದೇ ಚೌಕದೊಳಗೆ.
ಬ್ಯಾರಿ ಎಂಟು. ಅದಕ್ಕೆ ಚೌಕವೇ ಇಲ್ಲ.
ಹೋದ ವರ್ಷದವರು ಉರ್ದು ಎಂದು ತುಂಬಿಸಿದ್ದಾರೆ;
ರಿಫಾನಾಳಿಗೆ ಉರ್ದು ಬರುವುದು ನನಗೆ ಬರುವಷ್ಟೇ.
ಕೊಂಕಣಿ ಮೂರು. ಇತರೆ ಮೂರು.
ಇತರೆ ಎಂಬ ಭಾಷೆಯಲ್ಲಿ ಬೈಗುಳ ಹೇಗಿರುತ್ತದೋ,
ಒಂದು ದಿನ ಕೇಳಬೇಕು.

ಒಟ್ಟು ಮೂವತ್ತೊಂಬತ್ತು. ಅಂಕಗಳನ್ನು ಮೂರು ಸಲ ಕೂಡಿದೆ,
ಸಾವಿರದ ಎಂಟುನೂರ ಮೂವತ್ತಮೂರು.
ಭಾಗಿಸಿದರೆ ಸರಿಯಾಗಿ ನಲವತ್ತೇಳು, ಶೇಷ ಸೊನ್ನೆ.
ಇಷ್ಟು ಚಂದದ ಭಾಗಾಕಾರ
ಬೋರ್ಡಿನ ಮೇಲೆ ಹಾಕಲು ನನಗೆ ಯಾವತ್ತೂ ಸಿಕ್ಕಿಲ್ಲ.

ಆಮೇಲೆ ಸುಮ್ಮನೆ ಹುಡುಕಿದೆ, ನಲವತ್ತೇಳು ಯಾರಿಗೆ?
ಶ್ರೇಯಲ್ ತಿಂಗಳಾಯನಿಗೆ ತೊಂಬತ್ತೊಂದು,
ಅಜ್ಜಿ ಮೀನು ಮಾರಿ ತಂದ ಚಿಲ್ಲರೆ ಎಣಿಸಿಯೇ ಅವನು ಕಲಿತದ್ದು.
ರಿಫಾನಾಳಿಗೆ ಎಂಬತ್ತನಾಲ್ಕು; ಕೊನೆಯ ಪುಟ ಬರೆದಿಲ್ಲ,
ತಮ್ಮನನ್ನು ಅಂಗನವಾಡಿಯಿಂದ ಕರೆತರುವ ಹೊತ್ತಾಗಿತ್ತು.
ದುರಗೇಶನಿಗೆ ಹನ್ನೆರಡು.
ಬೋಟುಗಳು ಕಡಲಿಗಿಳಿದ ಮೇಲೆಯೇ
ಅಪ್ಪ ಅಮ್ಮನ ಜೊತೆ ಊರಿಂದ ಮರಳಿದವನು;
ಜೂನ್ ಜುಲೈಯ ಪೂರ್ಣಾಂಕ, ಭಿನ್ನರಾಶಿ
ಅವನ ಪಾಲಿಗೆ ನಡೆದೇ ಇಲ್ಲ.
ನಲವತ್ತಾರು ಉಂಟು, ಜೆನಿಶಾ ಬಾರ್ನೆಸಳದು.
ನಲವತ್ತೆಂಟು ಎರಡು ಉಂಟು.
ನಲವತ್ತೇಳು ಇಲ್ಲ.

ಹಾಗಾದರೆ ಇದು ಯಾರ ಮಗು?
ಮೂರರಲ್ಲೊಂದು ಪಾಲು ತುಳು ಮಾತಾಡುತ್ತದೆ,
ಒಂದೇ ಬದಿಗೆ ಜಡೆ ಹೆಣೆದುಕೊಳ್ಳುತ್ತದೆ,
ಶುಕ್ರವಾರ ಸ್ವಲ್ಪ ಮಸೀದಿಗೆ, ಭಾನುವಾರ ಚೂರೇ ಚೂರು ಇಗರ್ಜಿಗೆ,
ಮಳೆಗಾಲದಲ್ಲಿ ಕಾಲುಭಾಗ ಕಾಣೆಯಾಗುತ್ತದೆ.
ಯಾವ ಬೆಂಚಿನಲ್ಲಿ ಕೂರಿಸಲಿ ಇದನ್ನು?

ಕಟ್ಟು ಕಟ್ಟುವಾಗ ಅಡಿಯಲ್ಲಿ ಇನ್ನೊಂದು ಉತ್ತರಪತ್ರಿಕೆ.
ಝುನು ಬೆಹೆರಾ.
ಸೆಪ್ಟೆಂಬರಲ್ಲಿ ಒಡಿಶಾದಿಂದ; ಅಪ್ಪ ಆ ಐಸ್ ಪ್ಲಾಂಟಿನಲ್ಲೇ.
ಟಿಸಿ ಇಲ್ಲ, ಆಧಾರಿನಲ್ಲಿ ಹೆಸರಿನ ಕಾಗುಣಿತ ಬೇರೆ,
ಆನ್‌ಲೈನ್ ಪಟ್ಟಿ ಅವಳನ್ನು ಇನ್ನೂ ಒಪ್ಪಿಲ್ಲ.
ನಾನೂ ಬರೀತೇನೆ ಅಂದಳು, ಬರಿ ಅಂದಿದ್ದೆ.
ಅಕ್ಷರ ಹಾರಿಸಿ ಅಂಕಿಗಳನ್ನಷ್ಟೇ ಹಿಡಿದು ಬಿಡಿಸಿದ್ದಾಳೆ;
ವ್ಯಾಪಾರಿ, ಮಾವಿನಹಣ್ಣು, ಲಾಭ ನಷ್ಟ
ಬಂದಲ್ಲೆಲ್ಲ ಹಾಳೆ ಬಿಳಿ.
ಕೂಡಿದೆ. ಮತ್ತೊಮ್ಮೆ ಕೂಡಿದೆ.
ನಲವತ್ತೇಳು.

ಅವಳನ್ನು ಪಟ್ಟಿಗೆ ಸೇರಿಸಿದರೂ ಸರಾಸರಿ ಅಷ್ಟೇ,
ಸೇರಿಸದಿದ್ದರೂ ಅಷ್ಟೇ.
ಸಿಆರ್‌ಪಿಗೆ ಫೋನು ಹಚ್ಚಿ ಇದನ್ನು ಹೇಳೋಣ ಅನಿಸಿತು.
ಏನಂತ ಹೇಳುವುದು.

ಸೋಮವಾರ ಹತ್ತೂವರೆಗೆ ಫಾರಂ ಹೋಯಿತು, ಮೂವತ್ತೊಂಬತ್ತು ಮಕ್ಕಳದ್ದು.
ಝುನು ಪೇಪರಿನ ಕೆಂಪು ಅಂಕಿಯನ್ನು ಬೆರಳಲ್ಲಿ ಮುಟ್ಟಿ
"ಪಾಸಾ ಟೀಚರೇ?" ಅಂದಳು,
ಥೇಟ್ ನಮ್ಮ ತುಳು ಮಕ್ಕಳ ರಾಗದಲ್ಲಿ.
ಪಾಸ್ ಮಾರಾಯ್ತಿ, ಅಂದೆ,
ನಾಲ್ಕನೆಯದರಲ್ಲಿ ದಶಕ ಬಿಟ್ಟಿದ್ದೀ ನೋಡು.
ನೋಡಿದಳು. ನಿಂತಲ್ಲೇ ತಿದ್ದಿದಳು.
ಹಾಗಾದ್ರೆ ಐವತ್ತಲ್ವಾ, ಅಂತ
ಜಗಳಕ್ಕೇ ನಿಂತಳು.